ಮೊದಲು ಕಡತ, ಆಮೇಲೆ ಕಂಪ್ಯೂಟರ್: ತೋಟದ ಆಫೀಸನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ಒಯ್ಯುವ ಕ್ರಮ

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ರಂದು, ತಲಕಾವೇರಿಯ ತೀರ್ಥೋದ್ಭವಕ್ಕೆ ಮೂರು ದಿನ ಇರುವಾಗ, ನಿಂತುಹೋದವು. ಅಂದಿನಿಂದ ಆ ಕಂಪ್ಯೂಟರುಗಳು ಕೆಟ್ಟು ಕೂತವೆಂದು ಯಾರೂ ಭಾವಿಸಬೇಕಾಗಿಲ್ಲ. ಅವು ಹಿಂದಿನಂತೆಯೇ ಶುರುವಾಗುತ್ತವೆ, ಪ್ರಿಂಟ್ ತೆಗೆಯುತ್ತವೆ, ಬ್ಯಾಂಕಿನ ಜಾಲತಾಣವನ್ನೂ ತೆರೆಯುತ್ತವೆ. ಆದರೆ ಇನ್ನು ಮುಂದೆ ಪತ್ತೆಯಾಗುವ ದೋಷಗಳಿಗೆ ತೇಪೆ ಹಾಕುವವರಿಲ್ಲ. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅವಧಿಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತಾದರೂ ಅದು ವಾಯಿದೆಯನ್ನು ಮುಂದೂಡುವ ಉಪಾಯವೇ ಹೊರತು ಪರಿಹಾರವಲ್ಲ.

ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. ಆ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಸೋಮವಾರಪೇಟೆಯ ಆಚೆ ನಮ್ಮ ತೋಟದ ಆಫೀಸಿನಲ್ಲಿರುವ ಡೆಸ್ಕ್‌ಟಾಪ್ 4ನೇ ತಲೆಮಾರಿನದು, 4 ಜಿಬಿ ರ‍್ಯಾಮ್ ಇರುವಂಥದ್ದು. ಚೆಕ್‌ರೋಲ್ (ಕೆಲಸದಾಳುಗಳ ಹಾಜರಿ ಮತ್ತು ಕೂಲಿಯ ಪಟ್ಟಿ) ಬರೆಯುವುದಕ್ಕೆ, ಕಾಫಿ ಮೂಟೆಗಳ ಲೆಕ್ಕಕ್ಕೆ, ಪಹಣಿ ಇಳಿಸಿಕೊಳ್ಳುವುದಕ್ಕೆ, ಸಂಘದ ಪತ್ರಗಳನ್ನು ಬೆರಳಚ್ಚು ಮಾಡುವುದಕ್ಕೆ ಅದಕ್ಕಿಂತ ಹೆಚ್ಚಿನ ಯಂತ್ರ ಬೇಕಿಲ್ಲ. ಇಂಥ ಯಂತ್ರವನ್ನು ಗುಜರಿಗೆ ಹಾಕದೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂಗೆ ಬದಲಿಸುವ ಕ್ರಮವನ್ನು, ನಾನು ಮಾಡಿದ ತಪ್ಪುಗಳ ಸಮೇತ, ಇಲ್ಲಿ ವಿವರಿಸಿದ್ದೇನೆ.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಲಿನಕ್ಸ್ ಹಾಕುವ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ. ಕಡತಗಳನ್ನು ಮತ್ತು ಕೈಗೆ ಅಂಟಿದ ಅಭ್ಯಾಸಗಳನ್ನು ಅದಕ್ಕೆ ಸಿದ್ಧಗೊಳಿಸುವುದಕ್ಕೆ ಒಂದು ತಿಂಗಳು ಬೇಕು. ಹೆಚ್ಚಿನವರು ಈ ಕ್ರಮವನ್ನು ತಿರುಗುಮುರುಗಾಗಿ ಮಾಡಿ, ಮೊದಲ ದಿನವೇ ವಿಂಡೋಸ್ ಅಳಿಸಿ, ಎರಡನೆಯ ದಿನ ಹಳೆಯ ಪತ್ರವೊಂದು ತೆರೆಯಲಿಲ್ಲವೆಂದು ಕಂಗಾಲಾಗಿ, ಮೂರನೆಯ ದಿನ ಯಾರದೋ ಕೈಯಲ್ಲಿ ಮತ್ತೆ ವಿಂಡೋಸ್ ಹಾಕಿಸಿಕೊಳ್ಳುತ್ತಾರೆ. ಆದ್ದರಿಂದ ವಿಂಡೋಸ್‌ನಲ್ಲಿ ಇರುವಾಗಲೇ ಮಾಡಬೇಕಾದ ಕೆಲಸಗಳಿಂದ ಆರಂಭಿಸುವುದು ಸರಿ.

ಕಾಲವನ್ನು ಆರಿಸಿಕೊಳ್ಳುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನದ ಮಾತು. ಡಿಸ್ಕಿನ ಪಾರ್ಟಿಷನ್, ಅಂದರೆ ಅದರೊಳಗಿನ ವಿಭಾಗಗಳು, ಬದಲಾಗುತ್ತಿರುವಾಗ ಕರೆಂಟು ಹೋದರೆ ಕಡತಗಳು ನಾಶವಾಗುವ ಸಾಧ್ಯತೆ ನಿಜವಾಗಿಯೂ ಇದೆ. ಕೊಯ್ಲಿನ ತಿಂಗಳುಗಳಲ್ಲಿ ಆಫೀಸಿನ ಕಂಪ್ಯೂಟರ್ ದಿನವೂ ಬೇಕು. ಹೀಗಾಗಿ ರೊಬಸ್ಟಾ ಕೊಯ್ಲು ಮುಗಿದು, ಹೂಮಳೆ ಬಿದ್ದು, ಮಾರ್ಚ್ 31ರ ಲೆಕ್ಕ ಮುಚ್ಚಿದ ಮೇಲಿನ ಏಪ್ರಿಲ್ ತಿಂಗಳು ನನಗೆ ಅನುಕೂಲವೆನಿಸಿತು. ಆ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಶುರುವಾಗುವುದರಿಂದ ಬೆಳಗ್ಗೆಯೇ ಕೂರಬೇಕು, ಯುಪಿಎಸ್ ಬ್ಯಾಟರಿ ಕನಿಷ್ಠ ಅರ್ಧ ಗಂಟೆ ನಿಲ್ಲುತ್ತದೆಯೇ ಎಂದು ಹಿಂದಿನ ದಿನವೇ ಪ್ಲಗ್ ಕಿತ್ತು ನೋಡಿಕೊಳ್ಳಬೇಕು.

ಅದೇ ದಿನ ಇನ್ನೊಂದನ್ನು ಗಮನಿಸಿ. ಹಳೆಯ ಕಂಪ್ಯೂಟರನ್ನು ರಾತ್ರಿಯಿಡೀ ಕರೆಂಟಿಲ್ಲದೆ ಬಿಟ್ಟು ಬೆಳಗ್ಗೆ ಆನ್ ಮಾಡಿದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ, ಮದರ್‌ಬೋರ್ಡಿನಲ್ಲಿರುವ ಸಿಆರ್2032 ಎಂಬ ಗುಂಡಿ ಆಕಾರದ ಸೆಲ್ ಸತ್ತಿದೆಯೆಂದು ಅರ್ಥ. ತಾರೀಖು ತಪ್ಪಿದ ಕಂಪ್ಯೂಟರಿನಲ್ಲಿ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ, ಅಪ್‌ಡೇಟ್‌ಗಳೂ ಇಳಿಯುವುದಿಲ್ಲ. ಆಗ ಹೊಸ ಸಿಸ್ಟಂ ಸರಿಯಿಲ್ಲವೆಂದು ವೃಥಾ ಅಪವಾದ ಬರುತ್ತದೆ. ಗಡಿಯಾರದ ಅಂಗಡಿಯಲ್ಲೂ ಸಿಗುವ ಆ ಸೆಲ್ಲನ್ನು ಮೊದಲೇ ಬದಲಿಸಿಬಿಡಿ.

ಯಾವುದು ಜೊತೆಗೆ ಬರುವುದಿಲ್ಲ

ಒಂದು ವಾರ ಒಂದು ಹಾಳೆಯನ್ನು ಕಂಪ್ಯೂಟರಿನ ಪಕ್ಕ ಇಟ್ಟುಕೊಂಡು, ದಿನನಿತ್ಯ ಯಾವ ಯಾವ ತಂತ್ರಾಂಶ ತೆರೆದಿರೆಂದು ಬರೆದಿಡಿ. ಬ್ರೌಸರ್ ಒಳಗೆ ನಡೆಯುವುದೆಲ್ಲ, ಅಂದರೆ ಮೇಲ್, ಬ್ಯಾಂಕು, ಸರ್ಕಾರಿ ಜಾಲತಾಣಗಳು, ವಾಟ್ಸ್ಆ್ಯಪ್ ವೆಬ್, ಲಿನಕ್ಸ್‌ನಲ್ಲೂ ಹಾಗೆಯೇ ನಡೆಯುತ್ತವೆ. ಫೈರ್‌ಫಾಕ್ಸ್ ಮಿಂಟ್‌ನ ಜೊತೆಗೇ ಬರುತ್ತದೆ, ಕ್ರೋಮ್ ಬೇಕೆಂದರೆ ಹಾಕಿಕೊಳ್ಳಬಹುದು. ವರ್ಡ್ ಮತ್ತು ಎಕ್ಸೆಲ್‌ಗೆ ಬದಲಾಗಿ ಲಿಬ್ರೆಆಫೀಸ್ ಇದೆ. ತೊಡಕು ಬರುವುದು ಟ್ಯಾಲಿಯಂತಹ ವಿಂಡೋಸ್‌ಗೆಂದೇ ಮಾಡಿದ ಲೆಕ್ಕದ ತಂತ್ರಾಂಶದಲ್ಲಿ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ನಲ್ಲಿ, ಮತ್ತು ಕೆಲವು ಹಳೆಯ ಲೇಸರ್ ಪ್ರಿಂಟರುಗಳಲ್ಲಿ.

ಟ್ಯಾಲಿಯ ವಿಷಯದಲ್ಲಿ ಹಠ ಬೇಡವೆಂಬುದು ನನ್ನ ಅಭಿಪ್ರಾಯ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಎಂಬ ಸಾಧನವಿದೆ. ಪ್ರಯೋಗಕ್ಕೆ ಅದು ಚೆನ್ನ, ಆದರೆ ವರ್ಷದ ಲೆಕ್ಕವನ್ನು ಅದರ ಮೇಲೆ ಹೊರಿಸುವ ಧೈರ್ಯ ನನಗಿಲ್ಲ. ಲೆಕ್ಕವನ್ನು ಆಡಿಟರ್ ಕಚೇರಿಯಲ್ಲೇ ಮಾಡಿಸುವವರಿಗೆ ಚಿಂತೆಯಿಲ್ಲ. ತಾವೇ ಟ್ಯಾಲಿ ಬರೆಯುವವರು ವಿಂಡೋಸನ್ನು ಅಳಿಸದೆ, ಮುಂದೆ ಹೇಳುವ ಎರಡು ಡಿಸ್ಕಿನ ವಿಧಾನದಲ್ಲಿ ಅದನ್ನು ಟ್ಯಾಲಿಗೆ ಮಾತ್ರ, ಸಾಧ್ಯವಾದಷ್ಟೂ ಇಂಟರ್ನೆಟ್ ಇಲ್ಲದೆ, ಉಳಿಸಿಕೊಳ್ಳುವುದು ಒಳ್ಳೆಯದು. ಪ್ರಿಂಟರ್ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಏನನ್ನೂ ಅಳಿಸದೆ ಪೆನ್‌ಡ್ರೈವ್‌ನಿಂದಲೇ ಪರೀಕ್ಷಿಸಬಹುದಾದ್ದರಿಂದ ಅದರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇಲ್ಲಿಂದ ಮುಂದೆ ಒಂದು ತಿಂಗಳು ವಿಂಡೋಸ್‌ನಲ್ಲಿಯೇ ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಹಾಕಿಕೊಂಡು ಅವುಗಳಲ್ಲೇ ಕೆಲಸ ಮಾಡಿ. ಎರಡೂ ವಿಂಡೋಸ್‌ಗೆ ಉಚಿತವಾಗಿ ಸಿಗುತ್ತವೆ. ಮೆನು ಎಲ್ಲಿದೆ, ಚೆಕ್‌ರೋಲ್‌ನ ಮೊತ್ತದ ಸೂತ್ರಗಳು ಸರಿಯಾಗಿ ನಡೆಯುತ್ತವೆಯೇ, ಎಕ್ಸೆಲ್ ಮ್ಯಾಕ್ರೊಗಳು ಯಾವುವು ಕೈಕೊಡುತ್ತವೆ ಎಂಬುದೆಲ್ಲ ಹಳೆಯ ಸಿಸ್ಟಂ ಇನ್ನೂ ಕೈಯಲ್ಲಿರುವಾಗಲೇ ತಿಳಿಯುತ್ತದೆ. ಕೈಗೆ ಹೊಸ ಸಲಕರಣೆಯ ರೂಢಿಯಾದ ಮೇಲೆ ಕೆಳಗಿನ ಸಿಸ್ಟಂ ಬದಲಾದದ್ದು ಅಷ್ಟಾಗಿ ಅರಿವಿಗೇ ಬರುವುದಿಲ್ಲ.

ನುಡಿ, ಬರಹದ ಹಳೆಯ ಕಡತಗಳು

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎಲ್ಲಕ್ಕಿಂತ ದೊಡ್ಡ ಗಂಟು ಇದೇ. ಇಂಗ್ಲಿಷಿನಲ್ಲಿರುವ ಮಾರ್ಗದರ್ಶಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ.

ನನ್ನ ಚಿಕ್ಕಪ್ಪ ತೋಟದ ಮಳೆ ಲೆಕ್ಕವನ್ನು ದಶಕಗಳಿಂದ ಬರೆದಿಟ್ಟವರು. ದಿನವೂ ಬೆಳಗ್ಗೆ ಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ ನೋಟ್‌ಪುಸ್ತಕಕ್ಕೆ ಏರಿಸುವುದು, ತಿಂಗಳ ಕೊನೆಗೆ ಅದನ್ನು ಎಕ್ಸೆಲ್‌ಗೆ ಹಾಕುವುದು ಅವರ ಪದ್ಧತಿ. ಮೊದಲ ಸಲ ಆ ಕಡತವನ್ನು ಲಿನಕ್ಸ್‌ನಲ್ಲಿ ತೆರೆದು ತೋರಿಸಿದಾಗ ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, "ಮಳೆಯೆಲ್ಲ ಇದೆ ಮಗಾ, ತಿಂಗಳುಗಳೇ ಇಲ್ಲವಲ್ಲ" ಎಂದರು. ಅಂಕಿಗಳು ಒಂದೂ ತಪ್ಪದೆ ನಿಂತಿದ್ದವು. ಜೂನ್, ಜುಲೈ, ಆಗಸ್ಟ್ ಎಂದು ಕನ್ನಡದಲ್ಲಿ ಬರೆದಿದ್ದ ಕಡೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಇತ್ತು.

ಇದಕ್ಕೆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದಾಗ ಕಂಪ್ಯೂಟರಿನ ಒಳಗೆ ಕನ್ನಡ ಅಕ್ಷರ ಸೇರುವುದೇ ಇಲ್ಲ. ಅಲ್ಲಿ ಕೂರುವುದು ರೋಮನ್ ಅಕ್ಷರಗಳು ಮತ್ತು ಯುರೋಪಿನ ಭಾಷೆಗಳ ಚಿಹ್ನೆಗಳು. ಅವುಗಳಿಗೆ ಕನ್ನಡದ ಮುಖವಾಡ ತೊಡಿಸುವುದು ಫಾಂಟು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಂಡರೆ, ಕಡತದ ಒಳಗೆ ಇರುವುದು ಒಂದು ದೊಡ್ಡ 'ಪಿ', ತಲೆಯ ಮೇಲೆ ಓರೆಗೆರೆ ಹೊತ್ತ 'ಎ', ಬ್ರಿಟನ್ನಿನ ಪೌಂಡ್ ಹಣದ ಗುರುತು, ಮತ್ತೊಂದು ಓರೆಗೆರೆಯ 'ಎ', ಜರ್ಮನ್ ಭಾಷೆಯ ಜೋಡಿ 'ಎಸ್', ಒಂದು ಸಣ್ಣ 'ಕ್ಯೂ', ಕೊನೆಗೆ ಮತ್ತದೇ 'ಎ'. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚಿ ಈ ವೇಷವೇ ಹೊರಗೆ ಕಾಣುತ್ತದೆ. ಯೂನಿಕೋಡ್ ಪದ್ಧತಿಯಲ್ಲಾದರೋ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ ಇರುವುದರಿಂದ, ಯಾವ ಫಾಂಟು ಇದ್ದರೂ, ಯಾವ ಸಿಸ್ಟಂ ಆದರೂ, ಮೊಬೈಲ್ ಆದರೂ 'ಕ' ಎನ್ನುವುದು 'ಕ' ಆಗಿಯೇ ಉಳಿಯುತ್ತದೆ. ಹುಡುಕಿದರೆ ಸಿಗುತ್ತದೆ, ಅಕಾರಾದಿಯಾಗಿ ಜೋಡಿಸಿದರೆ ಸಾಲಾಗಿ ನಿಲ್ಲುತ್ತದೆ.

ತಾತ್ಕಾಲಿಕ ಉಪಾಯವೊಂದಿದೆ. ವಿಂಡೋಸ್‌ನ ಫಾಂಟುಗಳ ಫೋಲ್ಡರಿನಿಂದ ನುಡಿಯ ಫಾಂಟ್ ಕಡತಗಳನ್ನು ಪೆನ್‌ಡ್ರೈವ್‌ಗೆ ಪ್ರತಿ ಮಾಡಿಟ್ಟುಕೊಂಡು, ಲಿನಕ್ಸ್‌ನಲ್ಲಿ ಅವುಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ ಸ್ಥಾಪಿಸಿದರೆ ಹಳೆಯ ಪತ್ರಗಳು ಮೊದಲಿನಂತೆಯೇ ಕಾಣುತ್ತವೆ, ಪ್ರಿಂಟ್ ಕೂಡ ಆಗುತ್ತವೆ. ಚಿಕ್ಕಪ್ಪನ ತಿಂಗಳುಗಳು ಮರಳಿದ್ದೂ ಹೀಗೆಯೇ. ಆದರೆ ಇದನ್ನು ಓದುವುದಕ್ಕೆ ಮಾತ್ರ ಬಳಸಿ, ಹೊಸದಾಗಿ ಬರೆಯುವುದಕ್ಕೆ ಬೇಡ. ಇಲ್ಲವಾದರೆ ಗಂಟು ಇನ್ನೂ ಬಿಗಿಯಾಗುತ್ತದೆ.

ಶಾಶ್ವತವಾದ ದಾರಿ ಪರಿವರ್ತನೆ. ಹಳೆಯ ಎನ್‌ಕೋಡಿಂಗ್‌ನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಎಲ್ಲವನ್ನೂ ಬದಲಿಸಲು ಹೊರಟರೆ ಕೆಲಸ ಮುಗಿಯುವುದಿಲ್ಲ, ಆದ್ದರಿಂದ ಕಡತಗಳನ್ನು ಮೂರು ರಾಶಿ ಮಾಡಿ. ಪದೇ ಪದೇ ಬೇಕಾಗುವ ಪತ್ರದ ಮಾದರಿಗಳು, ಚೆಕ್‌ರೋಲ್‌ನ ಹೆಸರುಗಳು, ಸಂಘದ ಸದಸ್ಯರ ಪಟ್ಟಿ ಮೊದಲ ರಾಶಿ, ಇವನ್ನು ಬದಲಿಸಲೇಬೇಕು. ಯಾವಾಗಲಾದರೂ ನೋಡಬೇಕಾಗಬಹುದಾದ ಹಳೆಯ ಪತ್ರವ್ಯವಹಾರ ಎರಡನೆಯದು. ಇವನ್ನು ವಿಂಡೋಸ್ ಇರುವಾಗಲೇ ಪಿಡಿಎಫ್ ಮಾಡಿಟ್ಟರೆ ಸಾಕು, ಏಕೆಂದರೆ ಪಿಡಿಎಫ್ ಕಡತ ಫಾಂಟನ್ನು ಸಾಮಾನ್ಯವಾಗಿ ತನ್ನೊಳಗೇ ಹೊತ್ತುಕೊಂಡಿರುತ್ತದೆ. ಮೂರನೆಯ ರಾಶಿಗೆ ಏನೂ ಮಾಡಬೇಕಿಲ್ಲ. ನಮ್ಮಲ್ಲಿ ಅತ್ಯಂತ ದೊಡ್ಡದಾಗಿದ್ದದ್ದು ಇದೇ.

ಪರಿವರ್ತನೆಯಾದ ಪಠ್ಯವನ್ನು ಕಣ್ಣಿಟ್ಟು ಓದದೆ ಯಾರಿಗೂ ಕಳಿಸಬಾರದು. ಅರ್ಕಾವತ್ತು ಇರುವ ಪದಗಳನ್ನು, ಅಂದರೆ ವರ್ಷ, ಸರ್ವೆ, ಕಾರ್ಮಿಕ ಮುಂತಾದವನ್ನು, ಮೊದಲು ನೋಡಿ. ಒತ್ತಕ್ಷರಗಳ ಸ್ಥಾನ ತಪ್ಪಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಪತ್ರದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡವೆಂದೇ ಭಾವಿಸಿ ಬದಲಿಸಿಬಿಡುತ್ತದೆ: ದೊಡ್ಡ 'ಟಿ' ಇದ್ದಲ್ಲಿ 'ಖಿ' ಬರುತ್ತದೆ, ದೊಡ್ಡ 'ಎ' ಇದ್ದಲ್ಲಿ ಬರಿಯ ಅನುಸ್ವಾರ ಬಂದು ಕೂರುತ್ತದೆ. ಜಾಲತಾಣಗಳಲ್ಲಿ ಪದದ ಆರಂಭದಲ್ಲೇ ಸೊನ್ನೆ ಇರುವ ವಿಚಿತ್ರ ಸಾಲುಗಳನ್ನು ನೋಡಿದವರಿಗೆ ಅದರ ಮೂಲ ಈಗ ಗೊತ್ತಾಗಿರಬಹುದು. ಎಕ್ಸೆಲ್ ಹಾಳೆಯಲ್ಲಿ ಇಡೀ ಹಾಳೆಯನ್ನು ಪರಿವರ್ತಕಕ್ಕೆ ಹಾಕದೆ, ಹೆಸರಿನ ಕಾಲಂ ಒಂದನ್ನೇ ಪ್ರತಿ ಮಾಡಿ, ಬದಲಿಸಿ, ಪಕ್ಕದಲ್ಲಿ ಹೊಸ ಕಾಲಂ ಮಾಡಿ ಅಂಟಿಸಿ; ಸಾಲು ಸಾಲಿಗೆ ಸರಿಹೊಂದಿದೆಯೆಂದು ಖಚಿತವಾದ ಮೇಲೆ ಹಳೆಯದನ್ನು ತೆಗೆಯಿರಿ. ಒಂದು ಸಾಲು ಜಾರಿದರೆ ಒಬ್ಬರ ಕೂಲಿ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

ಪ್ರತಿ ತೆಗೆದಿಡುವುದು

'ಸಿ ಡ್ರೈವ್ ಅಳಿಸಿದರೂ ಡಿ ಡ್ರೈವ್ ಇರುತ್ತದೆ' ಎಂಬ ನಂಬಿಕೆ ನಮ್ಮಲ್ಲಿ ಬಹಳ. ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಇಡೀ ಡಿಸ್ಕನ್ನು ಅಳಿಸುವ ಆಯ್ಕೆ ಒತ್ತಿದರೆ ಎರಡೂ ಹೋಗುತ್ತವೆ. ನನ್ನ ಪರಿಚಯದವರೊಬ್ಬರ ಕಂಪ್ಯೂಟರನ್ನು ದುರಸ್ತಿಗೆ ಕೊಟ್ಟಲ್ಲಿ ಹೀಗೆಯೇ ಆಗಿ, ಮಗಳ ಮದುವೆಯ ಫೋಟೊಗಳು ಹೋದವು. ಬೇರೆಯದೇ ಆದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ. ಡಾಕ್ಯುಮೆಂಟ್ಸ್ ಫೋಲ್ಡರ್ ಯಾರಿಗೂ ಮರೆಯುವುದಿಲ್ಲ. ಮರೆಯುವುದು ಡೆಸ್ಕ್‌ಟಾಪ್ ಮೇಲೆ ಇಟ್ಟ ಕಡತಗಳು, ಡೌನ್‌ಲೋಡ್ಸ್‌ನಲ್ಲಿ ಬಿಟ್ಟ ಪಹಣಿಗಳು, ಬ್ರೌಸರಿನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು, ಔಟ್‌ಲುಕ್‌ನಲ್ಲಿ ಇಳಿಸಿದ ಮೇಲ್‌ಗಳು, ಟ್ಯಾಲಿಯ ಡೇಟಾ ಫೋಲ್ಡರ್. ಪ್ರತಿ ಆದ ಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಹತ್ತಿಪ್ಪತ್ತು ಕಡತಗಳನ್ನು ತೆರೆದು ನೋಡಿದರೆ ಮಾತ್ರ ಅದನ್ನು ಪ್ರತಿ ಎನ್ನಬಹುದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ.

ಪೆನ್‌ಡ್ರೈವ್‌ನಿಂದ ಪರೀಕ್ಷೆ

ಲಿನಕ್ಸ್ ಮಿಂಟ್ 2006ರಿಂದ ಬರುತ್ತಿದೆ. ಅದರ 22ನೇ ಸರಣಿ 2024ರ ಜುಲೈನಲ್ಲಿ ಬಿಡುಗಡೆಯಾಗಿದ್ದು 2029ರವರೆಗೆ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುತ್ತದೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಸಿಗುವ ಇದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕೆಂದು ಹೇಳುತ್ತಾರಾದರೂ 4 ಜಿಬಿ ಇದ್ದರೆ ನೆಮ್ಮದಿ. 8 ಜಿಬಿ ಇರುವವರು ಸಿನಮನ್ ಹಾಕಬಹುದು. ನಮ್ಮಂತೆ 4 ಜಿಬಿ ಇರುವವರಿಗೆ ಎಕ್ಸ್‌ಎಫ್‌ಸಿಇ ಹಗುರ. ಇಳಿಸಿಕೊಳ್ಳಬೇಕಾದ ಕಡತ ಸುಮಾರು 3 ಜಿಬಿ ಇರುವುದರಿಂದ, ಮನೆಯಲ್ಲಿ ನೆಟ್‌ವರ್ಕ್ ಕುಂಟುವವರು ಕುಶಾಲನಗರಕ್ಕೋ ಮಡಿಕೇರಿಗೋ ಹೋದಾಗ ನೆಂಟರ ಮನೆಯ ವೈಫೈನಲ್ಲಿ ಇಳಿಸಿಕೊಳ್ಳುವುದು ಜಾಣತನ.

ಇಳಿಸಿದ ಕಡತ ಮಧ್ಯೆ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಲು ಶಾ-256 ಎಂಬ ಪರೀಕ್ಷಾ ಮೊತ್ತವನ್ನು ಮಿಂಟ್‌ನ ಜಾಲತಾಣದಲ್ಲಿ ಕೊಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ರೂಫಸ್ ಎಂಬ ಸಣ್ಣ ತಂತ್ರಾಂಶವನ್ನು ತೆರೆದು, ಆ ಕಡತವನ್ನು ಆರಿಸಿ, ಪಕ್ಕದ ಟಿಕ್ ಗುರುತಿನ ಗುಂಡಿ ಒತ್ತಿದರೆ ಅದು ಮೊತ್ತವನ್ನು ಲೆಕ್ಕ ಹಾಕಿ ತೋರಿಸುತ್ತದೆ. ಎರಡೂ ಒಂದೇ ಇರಬೇಕು. ನಂತರ 8 ಜಿಬಿಯ ಖಾಲಿ ಪೆನ್‌ಡ್ರೈವ್ ಹಾಕಿ ಅದೇ ರೂಫಸ್‌ನಿಂದ ಬರೆಯಿಸಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ.

ಕಂಪ್ಯೂಟರನ್ನು ಆಫ್ ಮಾಡಿ, ಆನ್ ಮಾಡುತ್ತಲೇ, ಯಾವ ಡಿಸ್ಕಿನಿಂದ ಶುರುವಾಗಬೇಕೆಂದು ಕೇಳುವ ಬೂಟ್ ಮೆನುವಿನ ಕೀಲಿಯನ್ನು ಒತ್ತುತ್ತಿರಿ: ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವನ್ನು ಆರಿಸಿದರೆ ಮಿಂಟ್ ಡಿಸ್ಕನ್ನು ಮುಟ್ಟದೆ ಅದರಿಂದಲೇ ಶುರುವಾಗುತ್ತದೆ. ನಿಧಾನವಾಗಿರುವುದು ಸಹಜ. ಈ ಸ್ಥಿತಿಯಲ್ಲಿ ಒಂದು ಬೆಳಗ್ಗೆ ಪೂರ್ತಿ ಕಳೆಯಿರಿ: ಧ್ವನಿ ಬರುತ್ತದೆಯೇ, ಪ್ರಿಂಟರ್ ತಾನೇ ಗೋಚರಿಸುತ್ತದೆಯೇ, ಸ್ಕ್ಯಾನರ್ ನಡೆಯುತ್ತದೆಯೇ, ಬ್ಯಾಂಕಿನ ಜಾಲತಾಣ ತೆರೆಯುತ್ತದೆಯೇ ನೋಡಿ. ವೈಫೈ ಸಿಗದಿದ್ದರೆ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿದರೆ ಸಾಮಾನ್ಯವಾಗಿ ಯಾವ ಡ್ರೈವರೂ ಇಲ್ಲದೆ ಇಂಟರ್ನೆಟ್ ಬರುತ್ತದೆ. ಮಳೆಗಾಲದಲ್ಲಿ ಲ್ಯಾಂಡ್‌ಲೈನ್ ಬಿದ್ದಾಗಲೂ ನಮಗೆ ಇದೇ ಗತಿ.

ಎರಡು ಡಿಸ್ಕಿನ ವಿಧಾನ

ಒಂದೇ ಡಿಸ್ಕನ್ನು ಕತ್ತರಿಸಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುವುದು ಸಾಧ್ಯ, ಮತ್ತು ಹೆಚ್ಚಿನ ಮಾರ್ಗದರ್ಶಿಗಳು ಹೇಳುವುದು ಅದನ್ನೇ. ನಾನು ಅದನ್ನು ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಬ್ಯಾಕಪ್ ಡಿಸ್ಕನ್ನು ಕೀಳದೆ ಹಾಗೆಯೇ ಬಿಟ್ಟಿದ್ದರಿಂದ, ಲಿನಕ್ಸ್ ಹಾಕುವಾಗ ತೋರಿಸುವ ಡಿಸ್ಕುಗಳ ಪಟ್ಟಿಯಲ್ಲಿ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂದು ಮೂರು ಹೆಸರುಗಳು ಬಂದವು. ಅವಸರದಲ್ಲಿ ಬ್ಯಾಕಪ್ ಡಿಸ್ಕನ್ನೇ ಆರಿಸಿ ಮುಂದೆ ಒತ್ತಿದೆ. ಅದೃಷ್ಟಕ್ಕೆ ಮೂಲ ಕಡತಗಳು ಇನ್ನೂ ಹಳೆಯ ಡಿಸ್ಕಿನಲ್ಲಿದ್ದವು. ಆ ಸಂಜೆ ನಾನು ಊಟ ಮಾಡಲಿಲ್ಲ.

ಆದ್ದರಿಂದ ಡೆಸ್ಕ್‌ಟಾಪ್ ಇರುವವರಿಗೆ ನಾನು ಹೇಳುವುದು ಬೇರೆ. 240 ಅಥವಾ 256 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕು) ಮತ್ತು ಒಂದು ಸಾಟಾ ಕೇಬಲ್ ಕೊಂಡುಕೊಳ್ಳಿ. ಪ್ಲಗ್ ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಹಳೆಯ ಹಾರ್ಡ್ ಡಿಸ್ಕಿನ ಎರಡೂ ಕೇಬಲ್‌ಗಳನ್ನು ಎಳೆದು ಬಿಡಿ. ಎಸ್‌ಎಸ್‌ಡಿಯನ್ನು ಮಾತ್ರ ಜೋಡಿಸಿ. ಈಗ ಕಂಪ್ಯೂಟರಿಗೆ ಕಾಣುವುದು ಆ ಒಂದೇ ಖಾಲಿ ಡಿಸ್ಕು. ಏನು ತಪ್ಪು ಒತ್ತಿದರೂ ಹಳೆಯದು ಕೆಡುವ ಪ್ರಶ್ನೆಯೇ ಇಲ್ಲ. ಹತ್ತು ವರ್ಷದ ಯಂತ್ರಕ್ಕೆ ಎಸ್‌ಎಸ್‌ಡಿಯಿಂದ ಬರುವ ಚುರುಕು ಯಾವ ಆಪರೇಟಿಂಗ್ ಸಿಸ್ಟಂನಿಂದಲೂ ಬರುವುದಿಲ್ಲವೆಂಬುದು ಬೇರೆ ಮಾತು. ಒಳಗೆ ಧೂಳು, ಹಲ್ಲಿ ಮೊಟ್ಟೆ ಏನಿದ್ದರೂ ಇದೇ ಸಮಯದಲ್ಲಿ ಒಣ ಬ್ರಷ್‌ನಿಂದ ತೆಗೆಯಿರಿ.

ಸ್ಥಾಪನೆಯ ಹಂತಗಳು ಸರಳವಾದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಪೆನ್‌ಡ್ರೈವ್‌ನಿಂದ ಶುರು ಮಾಡಿ, ಪರದೆಯ ಮೇಲಿನ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಗುರುತನ್ನು ಕ್ಲಿಕ್ ಮಾಡಿ. ಭಾಷೆ ಕೇಳಿದಾಗ ಇಂಗ್ಲಿಷನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ, ಕನ್ನಡದ ಮೇಲೆ ಅಭಿಮಾನ ಕಡಿಮೆಯಾಗಿ ಅಲ್ಲ. ತೊಂದರೆ ಬಂದಾಗ ಫೋನಿನಲ್ಲಿ ಸಹಾಯ ಕೇಳುವಾಗ ಎರಡೂ ಕಡೆಯವರು ಒಂದೇ ಮೆನು ನೋಡುತ್ತಿರುವುದು ಅನುಕೂಲ. ಹಾಡು, ವಿಡಿಯೊ ನಡೆಸಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್‌ಗಳಿಗೆ ಒಪ್ಪಿಗೆ ಕೊಡಿ. ಡಿಸ್ಕ್ ಖಾಲಿ ಇರುವುದರಿಂದ ಇಡೀ ಡಿಸ್ಕನ್ನು ಬಳಸುವ ಆಯ್ಕೆ ನಿಶ್ಚಿಂತೆಯಿಂದ ಒತ್ತಬಹುದು. ಸಮಯ ವಲಯಕ್ಕೆ ಕೋಲ್ಕತ್ತಾ. ಬಳಕೆದಾರನ ಹೆಸರು ಸಣ್ಣ ರೋಮನ್ ಅಕ್ಷರಗಳಲ್ಲಿರಲಿ, ಪಾಸ್‌ವರ್ಡ್ ಮರೆಯದಂಥದ್ದಿರಲಿ, ಏಕೆಂದರೆ ಮುಂದೆ ಪ್ರತಿ ತಂತ್ರಾಂಶ ಹಾಕುವಾಗಲೂ ಅದನ್ನು ಕೇಳುತ್ತದೆ. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆಯಲು ಹೇಳುತ್ತದೆ. ತೆಗೆದು ಎಂಟರ್ ಒತ್ತಿ.

ಟ್ಯಾಲಿಗಾಗಿ ವಿಂಡೋಸ್ ಬೇಕಾದವರು ಹಳೆಯ ಡಿಸ್ಕಿನ ಕೇಬಲ್‌ಗಳನ್ನು ಮತ್ತೆ ಜೋಡಿಸಿ, ಬೇಕಾದಾಗ ಅದೇ ಬೂಟ್ ಮೆನುವಿನ ಕೀಲಿಯಿಂದ ಅದನ್ನು ಆರಿಸಿಕೊಳ್ಳಬಹುದು. ಹೀಗೆ ಮಾಡುವ ಮುನ್ನ ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ತೆಗೆದಿರಬೇಕು. ಅದಿದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಇರುವುದರಿಂದ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಕೆಲವೊಮ್ಮೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಗ್ರೀನಿಚ್ ಸಮಯ ಬರೆದಿಡುವುದು, ವಿಂಡೋಸ್ ಅದನ್ನೇ ನಮ್ಮ ಸಮಯವೆಂದು ಓದುವುದು ಇದಕ್ಕೆ ಕಾರಣ. ಸೆಲ್ ಬದಲಿಸಲು ಓಡಬೇಡಿ.

ನುಡಿಯಂತೆಯೇ ಬೆರಳಚ್ಚು

ನುಡಿಯಲ್ಲಿ ಕೈ ಪಳಗಿದವರು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಬಿಟ್ಟು ಹೊಸದನ್ನು ಕಲಿಯಬೇಕಾಗಿಲ್ಲ. ಅದು ಲಿನಕ್ಸ್‌ನಲ್ಲೂ ಇದೆ, ಎರಡು ಕಡೆ ಇದೆ, ಮತ್ತು ಗೊಂದಲ ಹುಟ್ಟುವುದೇ ಅಲ್ಲಿ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ 'ಕನ್ನಡ, ಕಗಪ' ಎಂದಿರುವುದನ್ನು ಸೇರಿಸಿದರೆ ಏನನ್ನೂ ಇಳಿಸಿಕೊಳ್ಳದೆ ಕೆಲಸ ಶುರುವಾಗುತ್ತದೆ. ಆದರೆ ಅದರಲ್ಲಿ ಸ್ವರದ ಕೀಲಿ ಒತ್ತಿದರೆ ಯಾವಾಗಲೂ ಕಾಗುಣಿತದ ಚಿಹ್ನೆಯೇ ಬರುತ್ತದೆ. 'ಇಂದು' ಎಂದು ಬರೆಯಲು ಹೊರಟರೆ ಮೊದಲಿಗೆ ಚುಕ್ಕೆಗಳ ವೃತ್ತದ ಮೇಲೆ ಒಂದು ಗುಡಿಸು ಬಂದು ಕೂರುತ್ತದೆ. 'ಇ' ಬೇಕೆಂದರೆ ಬಲಗಡೆಯ ಆಲ್ಟ್ ಕೀಲಿಯನ್ನೂ ಒತ್ತಬೇಕು. ನುಡಿಯಲ್ಲಿ ತಂತ್ರಾಂಶವೇ ಇದನ್ನು ಗ್ರಹಿಸಿಕೊಳ್ಳುತ್ತಿದ್ದುದರಿಂದ ನಮಗೆ ಆ ಅಭ್ಯಾಸವಿಲ್ಲ.

ಎರಡನೆಯ ದಾರಿ ಐಬಸ್ ಎಂಬ ಬೆರಳಚ್ಚಿನ ತಂತ್ರಾಂಶ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ 'ಐಬಸ್' ಮತ್ತು 'ಐಬಸ್-ಎಂ17ಎನ್' ಎಂಬ ಎರಡನ್ನು ಹುಡುಕಿ ಸ್ಥಾಪಿಸಿ. ಮೆನುವಿನಲ್ಲಿರುವ 'ಇನ್‌ಪುಟ್ ಮೆಥಡ್' ತೆರೆದು ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಮಾಡಿ ಮರಳಿ ಬನ್ನಿ. ಆಮೇಲೆ ಐಬಸ್‌ನ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗಿರುವ ಕೆಜಿಪಿ ಎಂಬುದನ್ನು ಸೇರಿಸಿದರೆ ನುಡಿಯ ವಿನ್ಯಾಸದಲ್ಲೇ ಸ್ವರ, ಕಾಗುಣಿತ ಎರಡೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಇಂಗ್ಲಿಷ್ ಅಕ್ಷರಗಳ ಉಚ್ಚಾರದಂತೆ ಬರೆದು ರೂಢಿಯಿರುವವರಿಗೆ ಅದೇ ಪಟ್ಟಿಯಲ್ಲಿ ಐಟ್ರಾನ್ಸ್ ಇದೆ. ಭಾಷೆ ಬದಲಿಸಲು ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ.

ಫಾಂಟುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೋಟೊ, ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಉಚಿತವಾಗಿ ದೊರೆಯುತ್ತವೆ. ವಿಂಡೋಸ್‌ನ ತುಂಗಾ ಫಾಂಟಿನಲ್ಲಿ ಮಾಡಿದ ಯೂನಿಕೋಡ್ ಪತ್ರ ಇಲ್ಲಿ ತೆರೆದರೆ ಅಕ್ಷರ ಸರಿಯಾಗಿದ್ದು ಸಾಲುಗಳು ಮಾತ್ರ ಆಚೀಚೆ ಜರುಗಬಹುದು, ಆದ್ದರಿಂದ ಕಚೇರಿಗಳಿಗೆ ಕಳಿಸುವ ಪತ್ರಗಳನ್ನು ಪಿಡಿಎಫ್ ಮಾಡಿಯೇ ಕಳಿಸಿ. ಬೇರೆಯವರು ತಿದ್ದಬೇಕಾದ ಕಡತವಾದರೆ ಲಿಬ್ರೆಆಫೀಸ್‌ನಲ್ಲಿ ಉಳಿಸುವಾಗ ವರ್ಡ್ ಅಥವಾ ಎಕ್ಸೆಲ್ ಮಾದರಿಯನ್ನು ಆರಿಸಿ. ಈ ಆಯ್ಕೆಯನ್ನು ಒಮ್ಮೆ ಸೆಟ್ಟಿಂಗ್‌ನಲ್ಲಿ ಬದಲಿಸಿದರೆ ಪ್ರತಿ ಸಲ ನೆನಪಿಡಬೇಕಿಲ್ಲ.

ಮೊದಲ ಮೂರು ತಿಂಗಳು

ಅಪ್‌ಡೇಟ್ ಮ್ಯಾನೇಜರ್ ಗುರಾಣಿಯ ಗುರುತಿನಲ್ಲಿ ಮೂಲೆಯಲ್ಲಿ ಕೂತಿರುತ್ತದೆ. ನೆಟ್‌ವರ್ಕ್ ಚೆನ್ನಾಗಿರುವ ದಿನ ಅದನ್ನು ಒತ್ತಿದರೆ ಸಾಕು, ವಿಂಡೋಸ್‌ನಂತೆ ಕೆಲಸದ ನಡುವೆ ತಾನಾಗಿಯೇ ಮರುಚಾಲನೆಗೆ ಹೊರಡುವುದಿಲ್ಲ. ಮೊದಲ ಅಪ್‌ಡೇಟ್‌ಗೆ ಮುನ್ನ ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಂನ ಆ ಹೊತ್ತಿನ ಪ್ರತಿ, ತೆಗೆಯುವಂತೆ ಹೊಂದಿಸಿ. ಏನಾದರೂ ಕೆಟ್ಟರೆ ಹಿಂದಿನ ವಾರದ ಸ್ಥಿತಿಗೆ ಮರಳಬಹುದು. ಟೈಮ್‌ಶಿಫ್ಟ್ ಸಾಮಾನ್ಯವಾಗಿ ಕಾಯುವುದು ಸಿಸ್ಟಂ ಕಡತಗಳನ್ನು ಮಾತ್ರ. ನಿಮ್ಮ ಚೆಕ್‌ರೋಲ್ ಮತ್ತು ಫೋಟೊಗಳ ಪ್ರತಿಯನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕುವ ಕೆಲಸ ಹಾಗೆಯೇ ಉಳಿದಿರುತ್ತದೆ.

ವಿಂಡೋಸ್ ಬೇಡವಾದವರೂ ಹಳೆಯ ಹಾರ್ಡ್ ಡಿಸ್ಕನ್ನು ಮೂರು ತಿಂಗಳವರೆಗೆ ಅಳಿಸಬೇಡಿ. ಎಲ್ಲೋ ಮರೆತ ಕಡತ ನೆನಪಾಗುವುದು ಮುಂದಿನ ತೆರಿಗೆ ಕಟ್ಟುವಾಗಲೋ, ಬ್ಯಾಂಕಿನವರು ಹಳೆಯ ಪತ್ರ ಕೇಳಿದಾಗಲೋ. ಆ ಡಿಸ್ಕಿಗೆ ತೆಗೆದ ತಾರೀಖು ಬರೆದ ಚೀಟಿ ಅಂಟಿಸಿ, ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಸುತ್ತಿ, ಹೊಸ ಚಪ್ಪಲಿ ಅಥವಾ ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎರಡು ಮೂರು ಸೇರಿಸಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಬರಿಯ ಡಿಸ್ಕನ್ನು ಮೇಜಿನ ಡ್ರಾಯರಿನಲ್ಲಿ ಹಾಕಿಟ್ಟರೆ ಅದರ ಕೆಳಗಿನ ಸರ್ಕಿಟ್ ಬೋರ್ಡಿನ ಮೇಲೆ ಹಸಿರು ಕಿಲುಬು ಕಾಣಲು ಒಂದೇ ಮಳೆಗಾಲ ಸಾಕು.